ಡಿಸೆಂಬರಿನ ಕೋಗಿಲೆ

ಓದಲು ಕೂರುವ ಮುನ್ನ ಗೌಸ್ ಮೇಷ್ಟ್ರು ಗೋಡೆ ಗಡಿಯಾರದ ಸೆಲ್ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಫ್ಯಾನ್ ಆರಿಸಿ, ಅಡುಗೆಮನೆಯ ಬಾಗಿಲು ಮುಚ್ಚಿ, ಬೀದಿಯ ಕಿಟಕಿಯನ್ನು ಮಾತ್ರ ಅಗಲವಾಗಿ ತೆರೆಯುತ್ತಿದ್ದರು.

“ಮನೆ ಸದ್ದು ಬೇಡ. ಹೊರಗಿಂದು ಏನಿದ್ರೂ ಬರ್ಲಿ.”

“ನನ್ನ ಬಾಯಿಗೂ ಸೆಲ್ ಇದ್ದಿದ್ರೆ ತೆಗೀತಿದ್ರು ಇವರು,” ಎಂದು ಅವರ ಹೆಂಡತಿ ಶಮೀಮಮ್ಮ ಬಾಗಿಲ ಆಚೆಯಿಂದ ಹೇಳುವರು.

“ಅದು ಸೆಲ್ಲಲ್ಲಿ ಓಡೋದಲ್ಲ ಕಣಪ್ಪಾ, ಡೈರೆಕ್ಟ್ ಕರೆಂಟು,” ಎಂದು ಮೇಷ್ಟ್ರು ನನಗೆ ಪಿಸುಗುಡುವರು.

ಶಿವಾಜಿನಗರದ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಮನೆ. ದಿನಾ ಬೆಳಿಗ್ಗೆ ಕೆರೆ ಸುತ್ತಿ ಬಂದು, ಕಂಡ ಹಕ್ಕಿ ಮರಗಳ ಬಗ್ಗೆ ಒಂದು ಪುಟ ಬರೆಯುತ್ತಿದ್ದರು. ಪುಟದ ಕೆಳಗೆ ಎರಡು ಪಟ್ಟಿ: ಕೇಳಿದ್ದು, ಕೇಳದ್ದು. ಎರಡನೆಯದು ಯಾಕೆಂದು ಕೇಳಿದ್ದೆ. “ಇಲ್ಲ ಅಂತ ಬರಿಯೋಕೆ ಜಾಸ್ತಿ ಕಿವಿ ಬೇಕು,” ಎಂದಿದ್ದರು.

2007ರಲ್ಲಿ ನಾನು ಡಿಗ್ರಿ ಮುಗಿಸಿ ಇಂದಿರಾನಗರದ ಮನೆಯಲ್ಲಿದ್ದೆ. ಒಂದು ಮೈಕು, ಒಂದು ಕಂಪ್ಯೂಟರು. ಇಂಥವರ ಬರಹಗಳನ್ನು ಅವರಿಂದಲೇ ಓದಿಸಿ, ಇಂಟರ್‌ನೆಟ್ಟಿನಲ್ಲಿ ಪಾಡ್‌ಕಾಸ್ಟ್ ಎಂದು ಹಾಕುವ ಹುಚ್ಚು. ಡೈರಿಯಲ್ಲಿ ಲೆಕ್ಕವಿದೆ: ಹನ್ನೊಂದು ಭಾನುವಾರ, ಮೇಷ್ಟ್ರ ಹದಿನಾಲ್ಕು ಓದು.

ಹನ್ನೆರಡನೆಯ ಓದು ಡಿಸೆಂಬರಿನಲ್ಲಿ ಮಾಡಿದ್ದು. ನೀರುಕಾಗೆಗಳು ರೆಕ್ಕೆ ಒಣಗಿಸುವುದರ ಬಗ್ಗೆ ಅವರು ಓದುವಾಗ, ಒಳ್ಳೆಯ ಜಾಗದಲ್ಲೇ ಬಸ್ಸೊಂದು ಹಾರ್ನ್ ಹೊಡೆಯಿತು. “ಇರ್ಲಿ ಬಿಡು, ಬಸ್ಸೂ ನಮ್ಮೂರಿಂದೇ,” ಎಂದರು. ನನಗೆ ಮನಸ್ಸು ಬರಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಕಾಂಪೌಂಡಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ಕೋಗಿಲೆಯ ಕೂಗನ್ನು ಆ ಹಾರ್ನಿನ ಜಾಗಕ್ಕೆ ಅಂಟಿಸಿದೆ. ಅರವತ್ತಮೂರು ಜನ ಅದನ್ನು ಇಳಿಸಿಕೊಂಡರು, ಬೇರೆಲ್ಲಕ್ಕಿಂತ ಹೆಚ್ಚು. ಮೂವರು ಕೋಗಿಲೆಯನ್ನೇ ಹೊಗಳಿ ಬರೆದರು.

ಎಲ್ಲವನ್ನೂ ಸೀಡಿಗೆ ಹಾಕಿ ಕೊಟ್ಟಾಗ ಮೇಷ್ಟ್ರು ಆ ಜಾಗವನ್ನು ಎರಡು ಸಲ ಕೇಳಿದರು.

“ಕೋಗಿಲೆ ಎಲ್ಲಿಂದ ಬಂತು? ಚಳೀಲಿ ಅದು ಬಾಯಿ ಬಿಡಲ್ವಲ್ಲ.”

ಅಂಟಿಸಿದೆ ಎನ್ನಲು ನಾಚಿಕೆಯಾಯಿತು. “ನೀವು ಓದ್ತಿದ್ದಾಗ ಹಿಂದೆ ಕೂಗ್ತು ಸಾರ್. ನಿಮಗೆ ಕೇಳಿಸ್ಲಿಲ್ವಾ?”

ಅವರು ಆ ದಿನದ ಪುಟ ತೆಗೆದು, ಕೇಳದ್ದರ ಪಟ್ಟಿಯಲ್ಲಿದ್ದ ‘ಕೋಗಿಲೆ’ಯನ್ನು ಸ್ಕೇಲಿಟ್ಟು ಹೊಡೆದು, ಪಕ್ಕದ ಪಟ್ಟಿಗೆ ಬರೆದರು. ಶಮೀಮಮ್ಮ ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದರು.

ಫೆಬ್ರವರಿಯ ಹೊತ್ತಿಗೆ ಅವರು ಬರೆಯುವುದನ್ನೇ ನಿಲ್ಲಿಸಿದ್ದರು. ಕಿವಿ ಡಾಕ್ಟರು ವಯಸ್ಸಿಗೆ ತಕ್ಕಂತಿದೆ ಎಂದರಂತೆ, ಇವರು ನಂಬಲಿಲ್ಲವಂತೆ. ನಿಜ ಹೇಳಬೇಕೆಂದು ಡೈರಿಯಲ್ಲಿ ಏಳು ಸಲ ಬರೆದುಕೊಂಡಿದ್ದೇನೆ.

ಮರುವರ್ಷ ಅವರು ಕೆ.ಆರ್. ಪುರದ ಮಗಳ ಮನೆಗೆ ಹೋದರು. ಹೇಳಿಯೇಬಿಡುವುದೆಂದು ಒಂದು ಬೆಳಿಗ್ಗೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಳಿದು ನಡೆದೆ. ಮೇಷ್ಟ್ರು ವರಾಂಡದಲ್ಲಿ ಕೂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ, “ಕೂತ್ಕೋ. ಈಗ ಏನೇನು ಕೂಗ್ತಿದೆ ಹೇಳು,” ಎಂದರು.

“ಮೈನಾ. ಕಾಗೆ.”

“ಸೂರಕ್ಕಿ?”

ಕಿವಿಗೊಟ್ಟೆ. ಲಾರಿಗಳ ಸದ್ದು ಬಿಟ್ಟರೆ ಏನಿಲ್ಲ. “ಇಲ್ಲ ಸಾರ್.”

“ಹಾಗಾದ್ರೆ ನಂದೇ ಭ್ರಮೆ.”

ಅಷ್ಟರಲ್ಲಿ ಲಾರಿಗಳು ನಿಂತವು. ಎದುರಿನ ದಾಸವಾಳದ ಗಿಡದಲ್ಲಿ ಸೂರಕ್ಕಿಯ ಸಣ್ಣ ಚಿವ್‌ಚಿವ್ ಸ್ಪಷ್ಟವಾಗಿ ಕೇಳಿಸಿತು.

“ಇದೆ ಸಾರ್. ಸೂರಕ್ಕೀನೇ. ನೀವು ಹೇಳಿದ್ದೇ ಸರಿ.”

ಮೇಷ್ಟ್ರು ನನ್ನ ಕೈ ತಟ್ಟಿದರು. “ನನಗೋಸ್ಕರ ಹೇಳ್ಬೇಡಪ್ಪಾ. ನಿನಗೆ ಸುಳ್ಳು ಬರಲ್ಲ.”

ಆಗಲಾದರೂ ಹೇಳಬಹುದಿತ್ತು. ಶಮೀಮಮ್ಮ ತಂದುಕೊಟ್ಟ ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಎರಡು ತಿಂಗಳಿಗೆ ಅವರು ತೀರಿಕೊಂಡರು.