ಕೊಟ್ಟಿಗೆಯ ಗೋಡೆ

ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೂ ಸೂಲಿಬೆಲೆ ಸುತ್ತ ಹಳೇ ತೊಟ್ಟಿಮನೆ ರಿಪೇರಿ ಅಂದರೆ ಮೊದಲು ನನ್ನನ್ನೇ ಕರೆಯುತ್ತಾರೆ. ಸುಣ್ಣದ ಗಾರೆ ಬಲ್ಲ ಮೇಸ್ತ್ರಿಗಳು ಈಗ ಕಡಿಮೆ. ಓದಿದ ಇಂಜಿನಿಯರುಗಳು ನನ್ನ ಪಕ್ಕದಲ್ಲಿ ನಿಂತು ಬರೆದುಕೊಂಡು ಹೋಗಿದ್ದಾರೆ.

ಎರಡು ವರ್ಷದ ಹಿಂದೆ ಅಂಥದೊಂದು ಮನೆ ಹಿಡಿದೆ. ತಮ್ಮ ಮುತ್ತಜ್ಜ ಕಟ್ಟಿಸಿದ್ದು ಹೇಗಿತ್ತೋ ಹಾಗೇ ಉಳಿಯಬೇಕು ಎಂದಿದ್ದರು ಯಜಮಾನರು. ಹಿತ್ತಲಿನ ಕೊಟ್ಟಿಗೆ ಕೂಡ. ಕೊಟ್ಟಿಗೆಯ ಗೋಡೆಗೆ ಗಾರೆ ಬಳಿಯಲು ನನ್ನ ಮಾವನನ್ನು, ಅಂದರೆ ಹೆಂಡತಿಯ ಅಪ್ಪನನ್ನು ಹಾಕಿದೆ. ಅವಳು ವಾರಗಟ್ಟಲೆ ಬೇಡಿಕೊಂಡಿದ್ದಳು. ಮೇಲಿಂದ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಅವರನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ತಾನಿನ್ನೂ ಮೇಸ್ತ್ರಿಯೇ ಎಂದು ನಾಲ್ಕು ಜನರಿಗೆ ತೋರಿಸಲು ಅವರಿಗೆ ಒಂದು ಗೋಡೆ ಬೇಕಿತ್ತು. ನಾನು ಹೆಣ್ಣು ಕೇಳಲು ಹೋದಾಗ ಓದಿಲ್ಲದವನು ಎಂದು ಮೂರು ಸಲ ವಾಪಸ್ಸು ಕಳಿಸಿದ್ದ ಮನುಷ್ಯ. ಅದನ್ನು ನಾನು ಮರೆತಿರಲಿಲ್ಲ.

ಮಾವ ಜೀವಮಾನವೆಲ್ಲ ಸಿಮೆಂಟಿನಲ್ಲೇ ಕೆಲಸ ಮಾಡಿದವರು. ಬಿಡಿಸಿ ಹೇಳಿದ್ದೆ: ಮಣ್ಣಿನ ಗೋಡೆ ಹೀರಿದ ನೀರನ್ನು ಸುಣ್ಣ ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ, ಒಳಗೇ ಗೋಡೆ ಕೊಳೆಯುತ್ತದೆ. ತಲೆಯಾಡಿಸಿದ್ದರು.

ಎರಡು ದಿನ ಕಳೆದು ಬೆಳಿಗ್ಗೆ ಹೋಗಿ ಗಾರೆಯನ್ನು ಕೆರೆದು ನೋಡಿದೆ. ಸುಣ್ಣ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ನನ್ನ ಉಗುರು ಮುರಿಯಿತು. ಹೊಸ ಬಚ್ಚಲಿಗೆಂದು ತಂದಿಟ್ಟಿದ್ದ ಸಿಮೆಂಟನ್ನು ಸುಣ್ಣಕ್ಕೆ ಬೆರೆಸಿದ್ದರು. ಕೇಳಿದರೆ ಮುಚ್ಚಿಡಲಿಲ್ಲ. ದನ ಮೈ ಉಜ್ಜುವ ಗೋಡೆ, ಬರೀ ಸುಣ್ಣ ಉದುರಿದರೆ ಕೆಟ್ಟ ಹೆಸರು ತನಗೆ ಬರುತ್ತದೆ ಎಂದರು.

ಆಳುಗಳನ್ನೆಲ್ಲ ಕೊಟ್ಟಿಗೆಗೆ ಕರೆದೆ. ಅವರ ಎದುರಿಗೇ ಮಾವನ ಕೈಗೆ ಉಳಿ, ಸುತ್ತಿಗೆ ಕೊಟ್ಟು, ಬಳಿದವರೇ ಕೀಳಬೇಕು ಎಂದೆ.

"ಹೊಡ್ದು ಕೀಳೋದು ಬ್ಯಾಡ ಅಳಿಯಂದ್ರೇ. ಸಿಮೆಂಟು ಮಣ್ಣನ್ನ ಕಚ್ಕೊಂಬಿಟ್ಟೈತೆ, ಗೋಡೇನೂ ಜೊತೇಲೇ ಬತ್ತದೆ. ಒಂದು ವಾರ ಕೊಡಿ, ಅಂಚಿಂದ ಇಷ್ಟಿಷ್ಟೇ ಕೆರ್ದು ಬಿಡುಸ್ತೀನಿ."

ಅವರು ಹೇಳಿದ್ದು ಸರಿಯಾಗಿತ್ತು. ನನಗೂ ಅದು ಗೊತ್ತಿತ್ತು.

"ಗೋಡೆ ವಿಷ್ಯ ನನಗೆ ಹೇಳ್ಕೊಡಬೇಡಿ ಮಾವ. ಸುತ್ತಿಗೆ ಎತ್ತಕ್ಕಾಗದಿದ್ರೆ ಹೇಳಿ, ನಿಮ್ಮ ಮಗಳನ್ನ ಕರುಸ್ತೀನಿ."

ಆಳುಗಳು ನಕ್ಕರು. ಸೊಂಟ ಜೋಪಾನ ತಾತ, ಅಂದ ಒಬ್ಬ. ಮಾವ ಹೊಡೆಯತೊಡಗಿದರು. ಉಳಿ ಜಾರಿ ಸುತ್ತಿಗೆ ಬೆರಳಿಗೆ ತಗುಲಿತು. ನಿಲ್ಲಿಸಿದಾಗಲೆಲ್ಲ ನಾನು ಹೂಂ ಅನ್ನುತ್ತಿದ್ದೆ. ಬಿಸಿಲೇರುವ ಹೊತ್ತಿಗೆ ಆಳೆತ್ತರದ ಒಂದು ಭಾಗ ದಡಕ್ಕನೆ ಅವರ ಕಾಲ ಬುಡಕ್ಕೆ ಕುಸಿಯಿತು. ಒಡೆದ ಮಣ್ಣಿನೊಳಗೆ ಮುತ್ತಜ್ಜನ ಕಾಲದ ಹುಲ್ಲು ಇನ್ನೂ ಹಳದಿಯಾಗಿಯೇ ಇತ್ತು.

ಸದ್ದಿಗೆ ಯಜಮಾನರು ಓಡಿಬಂದು, ಯಾರು ಕೆಡವಿದ್ದು ಎಂದು ಕೇಳಿದರು.

"ಸುತ್ತಿಗೆ ಯಾರ ಕೈಲೈತೆ, ನೀವೇ ನೋಡಿ," ಎಂದೆ.

ಹೊಡೆಯಲು ಹೇಳಿದ್ದು ನಾನೇ ಎಂಬುದನ್ನೂ ಹೇಳುತ್ತೇನೆಂದು ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೇಳಲಿಲ್ಲ. ಇನ್ನು ಈ ಕಡೆ ಬರಕೂಡದು ಎಂದು ಮಾವನಿಗೆ ಹೇಳಿದರು ಯಜಮಾನರು. ಮಾವ ದನ ನೀರು ಕುಡಿಯುವ ಬಾನಿಯಲ್ಲಿ ಗಾರೆ ಬಳಿಯುವ ಕರಣೆ ತೊಳೆದು, ಪಂಚೆಯ ತುದಿಯಿಂದ ಒರೆಸಿ, ಚೀಲಕ್ಕೆ ಹಾಕಿಕೊಂಡು ಬಸ್ಸಿನ ಕಡೆ ಕುಂಟುತ್ತ ಹೋದರು.

ಗೋಡೆಯನ್ನು ಮತ್ತೆ ನಾನೇ ಎಬ್ಬಿಸಿದೆ. ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಈಗಲೂ ಮಾವನನ್ನು ಕೆಲಸಕ್ಕೆ ಕರೆಯುವ ಮೊದಲು ಜನ ನಮ್ಮ ಮನೆಗೆ ಬಂದು ನನ್ನನ್ನೇ ವಿಚಾರಿಸುತ್ತಾರೆ. ಸುಣ್ಣಕ್ಕೆ ಸಿಮೆಂಟು ಬೆರೆಸಿ ಹಳೇ ಗೋಡೆ ಬೀಳಿಸಿದ ಕೈ ಅದು, ಬೇಡ ಎನ್ನುತ್ತೇನೆ. ಅಡುಗೆಮನೆಯಲ್ಲಿ ಹೆಂಡತಿಗೆ ಕೇಳಿಸುತ್ತದೆ. ನಾನು ದನಿ ತಗ್ಗಿಸುವುದಿಲ್ಲ.