ಮೀನು ತೋರಿಸುವ ಚೆಂಡು ತರಲು ಹೋದದ್ದು

ಉಪ್ಪಿಟ್ಟು ಮುಗಿಸಿ ಟಿ. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದಾಗ ನನ್ನ ಮುಖದಲ್ಲಿ ದಂಡಯಾತ್ರೆಗೆ ಹೊರಟ ಸೇನಾಪತಿಯ ಗಾಂಭೀರ್ಯವಿತ್ತು. ಯಾತ್ರೆಯ ಉದ್ದೇಶ, ನೀರಿನಡಿಯ ಮೀನು ತೋರಿಸುವ ಯಂತ್ರವೊಂದನ್ನು ಆರಿಸುವುದು. ಜೊತೆಗಿದ್ದವನು ಬಸಪ್ಪ. ಪೀಣ್ಯದ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್ ಆಗಿದ್ದಷ್ಟು ಕಾಲವೂ ಲೇತ್ ಓಡಿಸಿದವನು; ಭಾನುವಾರ ನದಿ ದಂಡೆಯಲ್ಲಿ ನನ್ನ ಪಕ್ಕ ಗಾಳ ಹಿಡಿದು ಕೂತವನು. ಈಗ ನಿವೃತ್ತನಾಗಿ ಬಾಗಲಕೋಟೆ ಕಡೆಯ ತನ್ನೂರಿಗೆ, ಘಟಪ್ರಭೆಯ ದಂಡೆಗೆ ಹೊರಟಿದ್ದ; ಯಂತ್ರ ಅವನಿಗಾಗಿಯೇ. ನಾವು ಜೊತೆಯಾಗಿ ಹೋಗುವುದು ಇದೇ ಕೊನೆಯೆಂದು ಇಬ್ಬರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ.

ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ, ವೈಟ್‌ಫೀಲ್ಡ್‌ನ ಕೊನೆಯ ನಿಲ್ದಾಣದಲ್ಲಿಳಿದು, ಸರ್ಜಾಪುರದ ಕಡೆಯ ಬಸ್ಸಿನಲ್ಲಿ ಧೂಳು ಕುಡಿಯುತ್ತ ಅಂಗಡಿ ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಅತ್ಯಂತ ದೊಡ್ಡ ಪರದೆಯ ಯಂತ್ರವನ್ನು ನೋಡಿ ನಾನು ತಲೆದೂಗಿದೆ.

"ಸಾರ್, ಅದು ದೋಣಿಗೆ ಕಟ್ಟೋದು. ದೋಣಿ ಇದ್ಯಾ?" ಎಂದ ಅಂಗಡಿಯವನು.

"ಇಲ್ರಿ, ದಂಡಿ ಮ್ಯಾಲ ಕುಂತು ಹಿಡಿಯೂದು," ಎಂದ ಬಸಪ್ಪ.

"ಹಂಗಾದ್ರೆ ಈ ಚೆಂಡು ತಗೊಳ್ಳಿ. ದಾರಕ್ಕೆ ಕಟ್ಟಿ ಎಸೀರಿ. ಆಳ, ಕಲ್ಲು, ಮೀನು ಎಲ್ಲ ಫೋನಲ್ಲಿ ಬರುತ್ತೆ. ಹರಿಯೋ ನೀರಲ್ಲಿ ಮೇಲ್ಗಡೆ ಎಸೆದು ನಿಧಾನಕ್ಕೆ ಎಳ್ಕೋಬೇಕು. ಹಿಂದೆ ಕೆರೆ ಇದೆ, ಹಾಕಿ ನೋಡ್ಕೊಂಡ್ ಬನ್ನಿ."

ಬಸಪ್ಪ ಅಂಗಡಿಯವನು ಕೊಟ್ಟ ಗಾಳವಿಲ್ಲದ ಕೋಲಿನ ದಾರಕ್ಕೆ ಚೆಂಡು ಕಟ್ಟಿ ಎಸೆದ. ಅವನ ಫೋನು ನನ್ನ ಕೈಯಲ್ಲಿತ್ತು. ಪರದೆಯಲ್ಲಿ ಬಾಗಿದ ಗೆರೆಗಳು, ಒಂದೊಂದೂ ಮೀನಂತೆ. "ಬಸಪ್ಪಾ, ಬಂತು ಕಣಯ್ಯಾ!" ಎಂದು ನಾನು ಕೂಗಿದ್ದೇ ತಪ್ಪಾಯಿತು.

"ಯಾರ್ರೀ ಅದು?" ಏರಿಯ ಮೇಲಿಂದ ಒಬ್ಬ ಹೆಂಗಸು ಸೀರೆ ಸೆರಗು ಸಿಕ್ಕಿಸಿಕೊಂಡು ಇಳಿದುಬಂದಳು, ಹಿಂದೆ ಇಬ್ಬರು ಗಂಡಸರು. "ಕೆರೆ ಟೆಂಡರು ಇಡ್ದಿರೋದು ನಾವು, ಮೀನು ಇಡ್ಯೋದು ನೀವಾ? ಪೊಲೀಸ್ರಿಗೆ ಫೋನ್ ಮಾಡ್ರೋ!"

ಸೇನಾಪತಿ ತಕ್ಷಣ ಫೋನನ್ನು ಜೇಬಿಗಿಳಿಸಿದ. "ನಾನು ವಾಕಿಂಗ್ ಬಂದಿದ್ದು ಕಣಮ್ಮ. ಇವರ್ಯಾರೋ ನನಗೆ ಗೊತ್ತಿಲ್ಲ."

ಬಸಪ್ಪ ನನ್ನನ್ನೊಮ್ಮೆ ನೋಡಿದ. "ಖರೇ ಐತ್ರಿ ಅಕ್ಕಾರ," ಎಂದ, "ಅವರು ಅಡ್ಡ್ಯಾಡಾಕ ಬಂದವರು."

ವಾಕಿಂಗ್ ಬಂದವನು ನಿಲ್ಲುವಂತಿಲ್ಲ, ನಡೆಯಲೇಬೇಕು. ಕೈ ಬೀಸುತ್ತ, ಆರೋಗ್ಯದ ಬಗ್ಗೆ ಕಾಳಜಿಯುಳ್ಳ ನಾಗರಿಕನಂತೆ ಏರಿಯುದ್ದಕ್ಕೂ ನಡೆದೆ. ಆ ಕಡೆಯ ಕೋಡಿ ತಲುಪಿದ ಮೇಲೆ ಹೊಳೆಯಿತು: ಚೆಂಡಿಗೆ ಗಾಳವಿಲ್ಲ, ಅದು ಮೀನು ಹಿಡಿಯುವುದಲ್ಲ ಎಂದು ತೋರಿಸಲು ಬಸಪ್ಪನಿಗೆ ಬೇಕಿದ್ದ ಫೋನು ನನ್ನ ಜೇಬಿನಲ್ಲೇ ಇದೆ. ತಿರುಗಿ ನೋಡಿದರೆ ಅವನನ್ನು ಬಿಸಿಲಲ್ಲಿ ಕಲ್ಲಿನ ಮೇಲೆ ಕೂರಿಸಿದ್ದರು.

ಹೋದ ದಾರಿಯಲ್ಲೇ ವಾಪಸು ಬಂದೆ. ಈ ಸಲ ಕೈ ಬೀಸಲಿಲ್ಲ.

"ಅಮ್ಮ, ಇವನ ಫೋನ್ ನೋಡಿ. ಇವನು ಮೀನು ಹಿಡೀತಿರ್ಲಿಲ್ಲ, ಬರೀ ನೋಡ್ತಿದ್ದ."

"ಇವ್ರ ಫೋನು ವಾಕಿಂಗ್ ಬಂದೋರ ಜೇಬಿಗೆ ಎಂಗೆ ಬಂತು?"

"ಇವನು ನನ್ನ ಸ್ನೇಹಿತ. ಹೆದರಿಕೊಂಡು ಸುಳ್ಳು ಹೇಳಿದೆ."

ಅವಳು ನನ್ನನ್ನು ತಲೆಯಿಂದ ಬೂಟಿನವರೆಗೆ ನೋಡಿದಳು. "ಕೂದ್ಲು ಬೆಳ್ಳಗಾಗೈತೆ ನಿಮ್ಗೆ," ಎಂದಳು. ಅಷ್ಟೇ. ಆಮೇಲೆ ಬಸಪ್ಪನತ್ತ ತಿರುಗಿ, "ತಗೋ ಅಣ್ಣ ನಿನ್ ಚೆಂಡು. ಎಲ್ಲಿ, ನಮ್ ಮೀನು ಎಂಗೈತೆ ತೋರ್ಸು," ಎಂದಳು. ಅವನು ಎಸೆದ. ನಾಲ್ವರೂ ಪರದೆಗೆ ಬಾಗಿ, "ಅಗೋ, ಅದು ಕಾಟ್ಲಾನೇ!" ಎಂದು ನಕ್ಕರು. ನೀವೂ ನೋಡಿ ಎಂದು ನನ್ನನ್ನು ಯಾರೂ ಕರೆಯಲಿಲ್ಲ. ಕರೆಸಿಕೊಳ್ಳಲು ನಾನು ಯಾರು?

ಚೆಂಡನ್ನೇ ಕೊಂಡೆವು. ಬಸ್ಸಿನಲ್ಲಿ ಬಸಪ್ಪ ಕಿಟಕಿಯ ಪಕ್ಕ ಕೂತ. ಪೆಟ್ಟಿಗೆಯನ್ನು ನಮ್ಮಿಬ್ಬರ ನಡುವೆ ಇಟ್ಟ.

"ತಪ್ಪಾಯ್ತು ಬಸಪ್ಪ," ಎಂದೆ.

"ಇರಲಿ ಬಿಡ್ರಿ ಸಾಹೇಬ್ರ."

ಕಂಡಕ್ಟರ್ ಬಂದು ಅವನನ್ನೇ ಕೇಳಿದ: "ಇಬ್ರೂ ಜೊತೆನಾ?"

ನನ್ನ ಬಾಯಿ ತೆರೆದುಕೊಂಡಿತು. ಆದರೆ ಆ ಮಾತು ಆಡುವ ಹಕ್ಕು ನನಗೆ ಉಳಿದಿರಲಿಲ್ಲ; ಕಾದೆ. ಬಸಪ್ಪ ಕಿಟಕಿಯಾಚೆ, ಹಿಂದೆ ಸರಿಯುತ್ತಿದ್ದ ಕೆರೆಯ ಏರಿಯನ್ನು ಸ್ವಲ್ಪ ಹೊತ್ತು ನೋಡಿದ.

"ಜೊತಿನ ರೀ," ಎಂದ.

ಎರಡು ಟಿಕೆಟ್ ತೆಗೆದುಕೊಂಡು ಮತ್ತೆ ಕಿಟಕಿಯತ್ತ ತಿರುಗಿದ.