ಡೈರಿ ಕಟ್ಟೆಯಲ್ಲಿ ನಾಯಿಯ ಪರೀಕ್ಷೆ

ನಮ್ಮ ನಾಯಿ ಹಾಲಿನ ಡೈರಿಯ ಟೆಸ್ಟರ್‌ನ ಮುಂಗೈಗೆ ಹಲ್ಲು ಹಾಕಿದ ದಿನ ನಾನು ಮಂಡ್ಯದಲ್ಲಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬೆಳಗ್ಗೆ ಮೊಬೈಲ್ ಪರವಾಗಿ ಮಾತಾಡಿ ಗೆದ್ದು, ಮಧ್ಯಾಹ್ನ ಅದೇ ಮೊಬೈಲ್ ವಿರುದ್ಧ ಮಾತಾಡಿ ಮತ್ತೆ ಗೆದ್ದು, ಸಂಜೆಯ ರೈಲಿಗೆ ಹನಕೆರೆಯಲ್ಲಿ ಇಳಿದೆ. ಅಲ್ಲಿಂದ ನಮ್ಮ ಹಳ್ಳಿಗೆ ಅರ್ಧ ಗಂಟೆ ನಡಿಗೆ. ಬ್ಯಾಗಿನಲ್ಲಿ ಗೆದ್ದ ಕಪ್ಪು ಇಟ್ಟುಕೊಂಡು ಮನೆಗೆ ಬಂದರೆ ಅವ್ವ ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳು. ನಾಯಿಯನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿತ್ತು. ಅದನ್ನು ಕಟ್ಟಿಹಾಕಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಕಚ್ಬುಡ್ತು ಕಣಮ್ಮಿ," ಅಂದಳು ಅವ್ವ. "ಕಚ್ಚುದ್ದಲ್ಲ, ತರಚುದ್ದು. ಆದ್ರೂ ಪಾಪ, ಸೂಜಿ ಆಕಿಸ್ಕೊಂಡ್ ಬಂದವ್ನೆ."

ಆದದ್ದು ಇಷ್ಟು. ಡೈರಿಯಲ್ಲಿ ಎಲ್ಲರೂ ಸಾಲಿನಲ್ಲಿ ನಿಂತು ಹಾಲು ಹಾಕುತ್ತಾರೆ. ಟೆಸ್ಟರ್ ಕ್ಯಾನನ್ನು ಕೈಯಿಂದಲೇ ಈಸಿಕೊಂಡು, ಅಲ್ಲಾಡಿಸಿ, ಸ್ವಲ್ಪ ಹಾಲು ತೆಗೆದು ಗಟ್ಟಿತನದ ಡಿಗ್ರಿ ನೋಡುತ್ತಾನೆ. ಆವತ್ತು ಅವಸರದಲ್ಲಿ ಅವ್ವನ ಕೈಯಿಂದ ಕ್ಯಾನನ್ನು ಸೆಳೆದುಕೊಂಡ. ಪಕ್ಕದಲ್ಲೇ ಇದ್ದ ನಾಯಿ ನೆಗೆಯಿತು.

ಡೈರಿ ಸೆಕ್ರೆಟರಿ ಅಲ್ಲೇ ತೀರ್ಮಾನ ಹೇಳಿದರಂತೆ. "ಅದಿನೈದ್ ದಿನ ಟೈಮ್ ಕೊಡ್ತೀನಿ ಕಣಕ್ಕ. ಪಳಗಿಸ್ಕೊ. ಇಲ್ಲಾಂದ್ರೆ ಮುತ್ತತ್ತಿ ಕಾಡ್ಗೆ ಓಗೋ ಗಾಡೀಲಿ ಆಕ್ಕೊಂಡೋಗಿ ಬುಟ್ಟು ಬತ್ತೀವಿ. ಪಿಕ್ನಿಕ್ನೋರು ಆಕ್ದುದ್ ತಿನ್ಕಂಡಿರ್ಲಿ."

ಅವ್ವನಿಗೆ ನಾಯಿ ಬೇಕಿದ್ದದ್ದು ಮುದ್ದಿಗಲ್ಲ. ನಮ್ಮ ಮನೆ ಊರಾಚೆ, ತೋಟದಲ್ಲಿದೆ. ಅಲ್ಲಿಂದ ಡೈರಿಗೆ ಹೋಗುವ ದಾರಿಯ ಎರಡೂ ಕಡೆ ಆಳೆತ್ತರದ ಕಬ್ಬು. ಹಿಂದಿನ ತಿಂಗಳು ಆ ಕಬ್ಬಿನಿಂದ ಚಿರತೆ ಹೊರಬಂದು ನಾಲೆ ದಾಟಿದ್ದನ್ನು ಇಬ್ಬರು ನೋಡಿದ್ದರು. ಅರಣ್ಯ ಇಲಾಖೆಯವರು ಬೋನು ಇಟ್ಟಿದ್ದರು, ಬೋನು ಖಾಲಿಯೇ ಇತ್ತು. ಬೆಳಕು ಹರಿಯುವ ಮುಂಚೆ ಅವ್ವ ಕ್ಯಾನು ಹಿಡಿದು ಆ ದಾರಿಯಲ್ಲಿ ಹೋಗಬೇಕು, ನಾಯಿ ಹತ್ತು ಹೆಜ್ಜೆ ಮುಂದೆ ಮೂಸಿಕೊಂಡು ಹೋಗಬೇಕು. ನಾಯಿ ಹೋದರೆ ಅವ್ವನ ದಾರಿಯೂ ಹೋದ ಹಾಗೆ.

ಅದಕ್ಕೆ ಹೆಸರೂ ಇರಲಿಲ್ಲ. ಅವ್ವ "ನಡಿ" ಅಂದರೆ ಏಳುತ್ತಿತ್ತು.

ಮಾರನೆಯ ಸಂಜೆ ನಾನೂ ಡೈರಿ ಕಟ್ಟೆಗೆ ಹೋದೆ. ಅಲ್ಲಿ ಆಗಲೇ ಎರಡು ಪಕ್ಷ ಆಗಿತ್ತು. ಒಂದು ಕಡೆ ದಫೇದಾರ್ರು. ಮಳವಳ್ಳಿಯವರು, ಪೊಲೀಸ್ ನಾಯಿಗಳನ್ನು ಪಳಗಿಸಿ ನಿವೃತ್ತರಾದವರು. ನಮ್ಮೂರಿಗೆ ಕೊಟ್ಟ ಮಗಳ ಮನೆಯಲ್ಲಿ ಆಗ ಬಂದು ಉಳಿದಿದ್ದರು. ಇನ್ನೊಂದು ಕಡೆ ಮದ್ದೂರಿನ ಭಾಯ್, ಮೋಟರ್ ಮೆಕ್ಯಾನಿಕ್. ಸುಟ್ಟುಹೋದ ಪಂಪ್‌ಸೆಟ್ ಎಲ್ಲಿದ್ದರೂ ಸ್ಕೂಟರಿನಲ್ಲಿ ಬರುವವರು. ಅವರ ಅಂಗಡಿಯಲ್ಲಿ ಮೂರು ನಾಯಿಗಳಿದ್ದವು. ಮೂರೂ ಅವರು ಹೇಳಿದಂತೆ ಕೇಳುತ್ತಿದ್ದವೆಂದು ಊರಿಗೆಲ್ಲ ಗೊತ್ತಿತ್ತು.

"ಚೈನ್ ಆಕಿ ಒಂದ್ ಸಲ ಜಗ್ಗುದ್ರೆ ಯಜಮಾನ ಯಾರು ಅಂತ ಗೊತ್ತಾಯ್ತದೆ," ಅಂದರು ದಫೇದಾರ್ರು. "ಇವತ್ತು ನಿನ್ನೆ ಕಂಡುದ್ದಲ್ಲ ನಾನು."

"ನೀವಿದ್ರೆ ಕೂತ್ಕೊತದೆ ಸಾರ್," ಅಂದರು ಭಾಯ್. "ನೀವು ಮಳವಳ್ಳಿ ಬಸ್ ಹತ್ತುದ್ಮೇಲೆ?"

"ನಿನ್ ಬಿಸ್ಕತ್ ಖಾಲಿಯಾದ್ಮೇಲೆ?"

ಸಾಲಿನಲ್ಲಿದ್ದವರೊಬ್ಬರು ಕ್ಯಾನು ಕೆಳಗಿಟ್ಟು, "ಭಾಯ್, ನಂಗೂ ಒಂದ್ ಬಿಸ್ಕತ್ ಕೊಡು, ನಾನೂ ಕೂತ್ಕತೀನಿ. ವತ್ತಾರಿಂದ ನಿಂತು ಕಾಲ್ ನೋಯ್ತಾವೆ," ಅಂದರು.

ನಗು ಎದ್ದಿತು. ನನಗೆ ನಗು ಬರಲಿಲ್ಲ. ಇಬ್ಬರೂ ಅನುಭವವನ್ನೇ ಸಾಕ್ಷಿ ಅನ್ನುತ್ತಿದ್ದಾರೆ, ಒಬ್ಬರೂ ಇನ್ನೊಬ್ಬರ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ. ಇಂಥ ಜಾಗದಲ್ಲಿ ಸುಮ್ಮನಿರುವುದು ನನಗೆ ಆಗದ ಕೆಲಸ. ನಾನು ಮುಂದೆ ಬಂದು ಹೇಳಿದೆ: ಮಾತು ಸಾಕು, ಪರೀಕ್ಷೆ ಮಾಡೋಣ. ನಾಯಿ ಒಂದೇ, ಹೊತ್ತು ಎರಡು. ಬೆಳಗ್ಗೆ ದಫೇದಾರ್ರು ಕಲಿಸಲಿ, ಸಂಜೆ ಭಾಯ್ ಕಲಿಸಲಿ. ಗಡುವು ಮುಗಿಯುವ ಮುಂಚಿನ ಕೊನೆಯ ಭಾನುವಾರ ಎಲ್ಲರ ಮುಂದೆ ಟೆಸ್ಟರ್ ಅವ್ವನ ಕೈಯಿಂದ ಕ್ಯಾನು ತೆಗೆದುಕೊಳ್ಳಲಿ. ನಾಯಿ ಯಾರ ಮಾತಿಗೆ ಸುಮ್ಮನಾಗುತ್ತದೋ ನೋಡೋಣ.

"ಒಳ್ಳೆ ನ್ಯಾಯ," ಅಂದರು ಸೆಕ್ರೆಟರಿ. ಟೆಸ್ಟರ್ ತನ್ನ ಮುಂಗೈ ನೋಡಿಕೊಂಡ. ಅವನನ್ನು ಯಾರೂ ಕೇಳಿರಲಿಲ್ಲ.

ಮನೆಗೆ ಬರುವಾಗ ಅವ್ವ ಅಂದಳು, "ಎಲ್ಡೊತ್ತಿಂದ ನಾನು ಕ್ಯಾನ ಕಲ್ಮೇಲೆ ಮಡುಗ್ಬುಟ್ಟು ಇಂದಕ್ ನಿಂತ್ಕತೀನಿ ಕಣಮ್ಮಿ. ಆಮೇಲೆ ಅವ್ನು ಎತ್ಕತಾನೆ. ನಾಯಿ ಸುಮ್ಕೆ ಇರ್ತದೆ."

"ಅದು ಕಲಿಸಿದ್ದಲ್ಲ ಅವ್ವ, ತಪ್ಪಿಸ್ಕೊಂಡಿದ್ದು," ಅಂದೆ ನಾನು. "ನೀನು ಹಂಗೆಲ್ಲ ಮಾಡುದ್ರೆ ಯಾರ ವಿಧಾನ ಸರಿ ಅಂತ ಗೊತ್ತಾಗದೇ ಇಲ್ಲ. ಭಾನ್ವಾರ ಆಗೋಗಂಟ ಕೈಯಲ್ಲೇ ಕೊಡು."

"ನಂಗ್ಯಾಕೆ ಗೊತ್ತಾಗ್ಬೇಕು ಅದು?"

ಉತ್ತರ ನನ್ನ ಹತ್ತಿರ ಇತ್ತು. ನನ್ನ ಹತ್ತಿರ ಯಾವಾಗಲೂ ಇರುತ್ತಿತ್ತು. ಒಂದು ಸಂಗತಿ ಕೆಲಸ ಮಾಡುವುದು ಬೇರೆ, ಅದು ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಬೇರೆ, ಎರಡನೆಯದು ಗೊತ್ತಿಲ್ಲದಿದ್ದರೆ ಮೊದಲನೆಯದನ್ನು ನಂಬಬಾರದು ಎಂದು ಮನೆ ತಲುಪುವವರೆಗೂ ವಿವರಿಸಿದೆ. ಅವ್ವ ಹಸುವಿಗೆ ಹುಲ್ಲು ಹಾಕಲು ಹೋದಳು.

ಆ ಹತ್ತು ಹನ್ನೆರಡು ದಿನ ನನಗೆ ಪಾಠದ ಮೇಲೆ ಮನಸ್ಸಿರಲಿಲ್ಲ. ರೈಲಿನಲ್ಲಿ ಕೂತು ನಾಯಿ ಪಳಗಿಸುವ ವಿಡಿಯೋಗಳನ್ನು ನೋಡುತ್ತಿದ್ದೆ. ಒಬ್ಬ ಸರಪಳಿ ಜಗ್ಗುತ್ತಿದ್ದ. ಕೆಳಗೆ ನೂರಾರು ಜನ ಅವನನ್ನು ರಾಕ್ಷಸ ಅನ್ನುತ್ತಿದ್ದರು. ಇನ್ನೊಬ್ಬಳು ಚೂರು ಚೂರು ಮಾಂಸ ಕೊಡುತ್ತಿದ್ದಳು. ಅವಳಿಗೆ ನಾಯಿ ಸಾಕಲು ಬರುವುದಿಲ್ಲ, ಹೊಟ್ಟೆ ತುಂಬಿಸಲು ಬರುತ್ತದೆ ಅನ್ನುತ್ತಿದ್ದರು. ನಾನು ಇಬ್ಬರ ಕೆಳಗೂ ಉದ್ದುದ್ದ ಬರೆದೆ. ಊರಿನ ವಾಟ್ಸಾಪ್ ಗುಂಪಿನಲ್ಲೂ ದಿನಾ ಜಗಳ. ಕಳೆಕೀಳಲು ಹೋದವರೂ ನಾಯಿಯ ಸುದ್ದಿ ಕೇಳುತ್ತಿದ್ದರು. ಹೋಗಿ ಬರುವವರೆಲ್ಲ ಒಮ್ಮೆ ನಮ್ಮ ನಾಯಿಯ ಮುಂದೆ ನಿಂತು "ಸಿಟ್" ಅನ್ನುತ್ತಿದ್ದರು. ಕೆಲವರು "ಕೂತ್ಕಳ್ಲಾ" ಅನ್ನುತ್ತಿದ್ದರು.

ಬೆಳಗ್ಗೆ ಅವ್ವ ಡೈರಿಯಿಂದ ಬಂದ ಮೇಲೆ ದಫೇದಾರ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮನೆಗೆ ಬರುತ್ತಿದ್ದರು. ಕುತ್ತಿಗೆಗೆ ಸರಪಳಿ ಬೀಳುವಾಗ ನಾಯಿ ಕಣ್ಣು ಮುಚ್ಚುತ್ತಿತ್ತು. ಅವರು ಹೊಡೆಯುತ್ತಿರಲಿಲ್ಲ, ಒಂದು ಸಣ್ಣ ಜಗ್ಗು, ಒಂದು ಗದರು, ಅಷ್ಟೇ. ಸಂಜೆ ಭಾಯ್ ಬಂದರೆ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಅಂಗೈಯಲ್ಲಿ ಬಿಸ್ಕತ್ತಿನ ಚೂರು ಮುಚ್ಚಿಟ್ಟುಕೊಂಡು, ನಾಯಿ ತಾನಾಗಿ ತಣ್ಣಗಾಗುವವರೆಗೆ ಕಾಯುತ್ತಿದ್ದರು.

"ತಂಗೀ, ನಾನು ಸಂಜೆ ಕಟ್ಟಿದ್ದನ್ನ ಅವ್ರು ಬೆಳಗ್ಗೆ ಬಿಚ್ತಾರೆ," ಅಂದರು ಭಾಯ್ ಒಂದು ದಿನ. "ಒಂದೇ ಮೋಟರಿಗೆ ಇಬ್ರು ವೈಂಡಿಂಗ್ ಮಾಡ್ದಂಗಾಯ್ತು."

ದಫೇದಾರ್ರು ಅದನ್ನೇ ಬೇರೆ ಮಾತಿನಲ್ಲಿ ಹೇಳಿದ್ದರು. "ಒಂದ್ ನಾಯ್ಗೆ ಒಬ್ನೇ ಕಣವ್ವ. ನಮ್ಮಲ್ಲಿ ಅದೇ ಮೊದಲ್ನೇ ರೂಲು."

ಅಷ್ಟು ದಿನಗಳಲ್ಲಿ ಇಬ್ಬರೂ ಒಪ್ಪಿದ ಮಾತು ಅದೊಂದೇ. ನಾನು ಅದನ್ನು ಕೇಳಿಸಿಕೊಂಡೆ, ಆದರೆ ಸೋಲುವ ಭಯಕ್ಕೆ ಇಬ್ಬರೂ ನೆಪ ಹುಡುಕುತ್ತಿದ್ದಾರೆ ಅಂದುಕೊಂಡೆ.

ಭಾನುವಾರ ಸಂಜೆ ಕಟ್ಟೆಯ ಸುತ್ತ ಜನವೋ ಜನ. ಹಾಲು ಇಲ್ಲದವರೂ ಬಂದಿದ್ದರು. ದಫೇದಾರ್ರು ಎಡಕ್ಕೆ, ಭಾಯ್ ಬಲಕ್ಕೆ. ಅವ್ವ ಕ್ಯಾನು ಹಿಡಿದು ನಿಂತಳು. ಟೆಸ್ಟರ್ ಕೈಗೆ ಟವೆಲ್ ಸುತ್ತಿಕೊಂಡು ಬಂದ.

"ಯಾಕ್ಲಾ, ಮದ್ವೆ ಗಂಡ್ನಂಗೆ ಬತ್ತಿದ್ದೀಯ," ಅಂದರು ಯಾರೋ.

"ನೀನ್ ಬಂದ್ ನಿಂತ್ಕೊ, ಟವಲ್ ಬಿಚ್ ಕೊಡ್ತೀನಿ," ಅಂದ ಅವನು. ಅಂದವನೇ ಕ್ಯಾನಿಗೆ ಕೈ ಹಾಕಿದ.

ನಾಯಿ ಎದ್ದು ನಿಂತಿತು. ದಫೇದಾರ್ರ ಕೈ ನೋಡಿತು. ತಿರುಗಿ ಭಾಯ್ ಜೇಬು ನೋಡಿತು. ಮತ್ತೆ ದಫೇದಾರ್ರ ಕಡೆ, ಮತ್ತೆ ಭಾಯ್ ಕಡೆ. ಹಾಗೆ ನೋಡುತ್ತ ನೋಡುತ್ತ ಅಲ್ಲೇ ಕೂತುಬಿಟ್ಟಿತು. ಟೆಸ್ಟರ್ ಕ್ಯಾನು ತೆಗೆದುಕೊಂಡು, ಹಾಲು ತೆಗೆದು, ಡಿಗ್ರಿ ಕೂಗಿದ. ನಾಯಿ ಗುರ್ ಅನ್ನಲಿಲ್ಲ.

ಆಮೇಲೆ ಅರ್ಧ ಗಂಟೆ ಯಾರ ಗೆಲುವು ಅನ್ನುವುದರ ಮೇಲೆ ಕಟ್ಟೆ ಹೊತ್ತಿ ಉರಿಯಿತು. ಮೊದಲು ನೋಡಿದ್ದು ದಫೇದಾರ್ರನ್ನು ಅಂತ ಒಬ್ಬರು, ಕೂತದ್ದು ಭಾಯ್ ಕಡೆ ನೋಡುವಾಗ ಅಂತ ಇನ್ನೊಬ್ಬರು. ನಾಯಿ ಊರಲ್ಲೇ ಇರಲಿ, ಇನ್ನು ಮುತ್ತತ್ತಿಯ ಮಾತು ಬೇಡ ಅಂದರು ಸೆಕ್ರೆಟರಿ. ನಾನು ನಡುವೆ ನಿಂತು ಎರಡೂ ಕಡೆಯ ವಾದದ ಹುಳುಕು ಎತ್ತಿ ತೋರಿಸುತ್ತಿದ್ದೆ. ಅವತ್ತಿನಷ್ಟು ಖುಷಿ ನನಗೆ ಯಾವ ಕಪ್ಪು ಬಂದಾಗಲೂ ಆಗಿರಲಿಲ್ಲ. ತೀರ್ಪನ್ನು ಯೋಚಿಸಿ ಹೇಳುತ್ತೇನೆ ಎಂದು ದೊಡ್ಡವಳಂತೆ ಹೇಳಿ ಮನೆಗೆ ಬಂದೆ.

ಸೋಮವಾರ ಬೆಳಗ್ಗೆ ನಾನು ಕಾಲೇಜಿಗೆ ತಲೆ ಬಾಚಿಕೊಳ್ಳುವಾಗ ಅವ್ವ ಒಳಗೆ ಬಂದಳು. ಕೈಯಲ್ಲಿ ಕ್ಯಾನು ಇತ್ತು, ಕ್ಯಾನಿನಲ್ಲಿ ಹಾಲೂ ಇತ್ತು. ಅದನ್ನು ದೊಡ್ಡ ಪಾತ್ರೆಗೆ ಬಗ್ಗಿಸಿ ಒಲೆಯ ಮೇಲಿಟ್ಟಳು. ನಮ್ಮ ಮನೆಯಲ್ಲಿ ಅಷ್ಟು ಹಾಲು ಒಟ್ಟಿಗೆ ಕಾಯಿಸಿದ್ದು ನನಗೆ ನೆನಪಿಲ್ಲ.

"ಯಾಕವ್ವ?"

"ನಾಕ್ ದಿನದಿಂದ ತಡಮಾಡ್ಕಂಡ್ ಏಳ್ತಿತ್ತು. ಇವತ್ತು ನಾಯಿ ಎದ್ದೇಳ್ನೇ ಇಲ್ಲ," ಅಂದಳು. "ನಡಿ ಅಂದೆ. ನನ್ ಕೈ ನೋಡ್ತು. ಚೈನಿಲ್ಲ, ಬಿಸ್ಕತ್ತಿಲ್ಲ. ಅಲ್ಲೇ ಕೂತ್ಕತು. ಒತ್ತಾಯ್ತು ಅಂತ ಒಬ್ಳೇ ಓದೆ."

"ಆಮೇಲೆ?"

"ನಾಲೆ ತೂಬಿನ್ ತಾವ ಕಬ್ಬಲ್ಲಿ ಏನೋ ಸರಸರ ಅಂತು. ಕಾಡಂದಿನೋ, ಅದೇನೋ. ಮುಂದಕ್ಕೂ ಓಗಕಾಗ್ನಿಲ್ಲ, ಇಂದಕ್ಕೂ ಬರಕಾಗ್ನಿಲ್ಲ. ಟ್ರ್ಯಾಕ್ಟರ್ ಬರೋಗಂಟ ತೂಬಿನ್ ಮೇಲೆ ನಿಂತಿದ್ದೆ. ಅಷ್ಟೊತ್ಗೆ ಹಾಲಿನ್ ಗಾಡಿ ಒಂಟೋಗಿತ್ತು."

ಅವಳ ದನಿಯಲ್ಲಿ ನನ್ನ ಮೇಲೆ ಕೋಪ ಹುಡುಕಿದೆ. ಇದ್ದಿದ್ದರೆ ಎದುರು ಮಾತಾಡಬಹುದಿತ್ತು. ಇರಲಿಲ್ಲ. ಹೊರಗೆ ಬಂದೆ. ನಾಯಿ ಕೊಟ್ಟಿಗೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿತ್ತು. ನನ್ನ ಕೈ ನೋಡಿತು.

ಆ ದಿನ ರೈಲಿಗೆ ಹೋಗಲಿಲ್ಲ. ಒಳಗೆ ಹೊರಗೆ ತಿರುಗಿದೆ. ಅವ್ವ ಕ್ಯಾನು ಕಲ್ಲಿನ ಮೇಲಿಟ್ಟು ಹಿಂದೆ ಸರಿದ ಆ ಎರಡು ಹೊತ್ತು ನೆನಪಾಗುತ್ತಲೇ ಇತ್ತು. ನಾಯಿಗೆ ಬೇಡವಾದದ್ದು ಅವ್ವನ ಕೈಗೆ ಇನ್ನೊಬ್ಬರು ಕೈ ಹಾಕುವುದು, ಅಷ್ಟೇ. ಅದನ್ನು ಅವಳು ಕಂಡುಕೊಂಡಿದ್ದಳು. ಬೇಡ ಅಂದವಳು ನಾನು. ಪರೀಕ್ಷೆ ಕೆಡದಿರಲಿ ಅಂತ.

ಸಂಜೆ ದಫೇದಾರ್ರಿಗೂ ಭಾಯ್‌ಗೂ ಫೋನ್ ಮಾಡಿ ನಾಳೆಯಿಂದ ಬರುವುದು ಬೇಡ ಅಂದೆ. ಇಬ್ಬರೂ ಒಂದೇ ಪ್ರಶ್ನೆ ಕೇಳಿದರು: "ಹಂಗಾದ್ರೆ ಯಾರ್ದು ಸರಿ?"

ಮಂಗಳವಾರ ಬೆಳಗ್ಗೆ ಕ್ಯಾನು ನಾನು ಹಿಡಿದುಕೊಂಡೆ. ಅವ್ವ ಬೇಡ ಅನ್ನಲಿಲ್ಲ. ಇಬ್ಬರೂ ಕಬ್ಬಿನ ದಾರಿ ಹಿಡಿದೆವು. ತೂಬು ಹತ್ತಿರವಾದಂತೆ ಅವ್ವ ನನ್ನ ತೋಳು ತಿವಿದಳು.

"ಮನೇಲಿ ಬಾಯಿ ಮುಚ್ಚಕಿಲ್ಲ, ಇಲ್ಲಿ ಯಾಕ್ ಮೂಕಿಯಂಗ್ ಬತ್ತಿದ್ದೀಯೆ? ಮಾತಾಡು. ಸಬ್ದ ಇದ್ರೆ ಯಾವ್ದೂ ತಾವಕ್ ಬರಕಿಲ್ಲ."

"ಏನ್ ಮಾತಾಡ್ಲಿ?"

"ಏನೋ ಒಂದು. ಕಪ್ಪು ತಂದ್ಯಲ್ಲ, ಅದೇ ಮಾತಾಡು."

ಹೋಗುವಾಗ ಮೊಬೈಲ್ ಪರವಾಗಿ ಮಾತಾಡಿದೆ. ಬರುವಾಗ ವಿರುದ್ಧ. ಮಾರನೆಯ ದಿನ ಸರಪಳಿಯ ಪರವಾಗಿ, ಬಿಸ್ಕತ್ತಿನ ಪರವಾಗಿ. ಕಬ್ಬು ಎರಡು ಕಡೆಯೂ ಅಲ್ಲಾಡದೆ ನಿಂತಿತ್ತು. ಹೆದರಿಕೆಗೆ ನನ್ನ ದನಿ ಏರುತ್ತಿತ್ತು. ಅವ್ವ ನಡುನಡುವೆ "ಊಂ" ಅನ್ನುತ್ತಿದ್ದಳು, ಒಂದು ಮಾತೂ ಅವಳ ಕಿವಿಗೆ ಹೋಗುತ್ತಿರಲಿಲ್ಲ.

ಮನೆಯಲ್ಲಿ ಯಾರೂ ನಾಯಿಗೆ ಏನೂ ಹೇಳುತ್ತಿರಲಿಲ್ಲ. ಐದನೆಯ ದಿನವೋ ಆರನೆಯ ದಿನವೋ ತೂಬಿನ ಹತ್ತಿರ ತಿರುಗಿ ನೋಡಿದರೆ ಅದು ದೂರದಲ್ಲಿ ಬರುತ್ತಿತ್ತು. ನಾನು ನಿಂತೆ, ಅದೂ ನಿಂತಿತು. "ನೋಡ್ಬೇಡ, ನಡಿ," ಅಂದಳು ಅವ್ವ. ಡೈರಿ ತಲುಪುವ ಹೊತ್ತಿಗೆ ಅದು ನಮ್ಮ ಹಿಂದೆಯೇ ಇತ್ತು. ಮೊದಲಿನ ಹಾಗೆ ಮುಂದೆ ಹೋಗಲಿಲ್ಲ. ಈಗಲೂ ಹೋಗುವುದಿಲ್ಲ, ಹಾಗಾಗಿ ನಾನೂ ಬೆಳಗಿನ ನಡಿಗೆ ಬಿಟ್ಟಿಲ್ಲ.

ಆವತ್ತು ಡೈರಿಯಲ್ಲಿ ಅವ್ವ ಕ್ಯಾನನ್ನು ನನ್ನ ಕೈಯಿಂದ ತೆಗೆದುಕೊಂಡು ಕಲ್ಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಟೆಸ್ಟರ್ ಎತ್ತಿಕೊಂಡ. ನಾಯಿ ಆಕಳಿಸಿತು.

ಕಟ್ಟೆಯ ಮೇಲೆ ದಫೇದಾರ್ರು ಕೂತಿದ್ದರು. ಡೈರಿಯ ಮೋಟರ್ ಬಿಚ್ಚುತ್ತಿದ್ದ ಭಾಯ್ ಕೂಡ ಸ್ಪ್ಯಾನರ್ ಹಿಡಿದೇ ಹೊರಗೆ ಬಂದರು.

"ನೋಡುದ್ಯಾ, ನಿಂತದೆ ಕಲ್ಸುದ್ದು," ಅಂದರು ದಫೇದಾರ್ರು.

"ಯಾರು ಕಲ್ಸಿದ್ದು ಅಂತ ತಂಗಿ ಹೇಳ್ಲಿ ಸಾರ್. ತೀರ್ಪು ಬಾಕಿ ಐತೆ."

ಸಾಲು ನನ್ನ ಕಡೆ ತಿರುಗಿತು. ಹೇಳಬೇಕಾದದ್ದು ನನಗೆ ಗೊತ್ತಿತ್ತು, ಮೊದಲ ವಾಕ್ಯ ನಾಲಿಗೆಯ ಮೇಲೆ ಬಂದಿತ್ತು. ಅವ್ವ ಖಾಲಿ ಕ್ಯಾನು ಎತ್ತಿಕೊಂಡು "ನಡಿ" ಅಂದಳು.

ನನಗಿಂತ ಮೊದಲು ನಾಯಿ ಅವಳ ಹಿಂದೆ ಹೊರಟಿತು.